ಬಸ್ರೂರಿನ ಕೋರಸ್

ಮಂದ್ರದಲ್ಲಿ ಹತ್ತಾರು ಗಂಡುದನಿಗಳು ಒಟ್ಟಿಗೆ ಏಳುತ್ತವೆ. ಪಳಗಿಸಿದ ಕಂಠಗಳಂತೆ ಕೇಳುವುದಿಲ್ಲ. ಅಂಚು ಒರಟಾಗಿದೆ, ಅಕ್ಷರಗಳನ್ನು ಒತ್ತಿ ಹೇಳುವ ರೀತಿಯಲ್ಲಿ ಹಟವಿದೆ, ಒಬ್ಬನ ಸ್ವರ ಪಕ್ಕದವನ ಸ್ವರಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಂತಿದೆ. ಅಡಿಯಲ್ಲಿ ನೆಲ ಅದುರಿಸುವ ತಾಳವಾದ್ಯ, ಮೇಲೆ ಒಂಟಿ ಹೆಣ್ಣುದನಿ. 2018ರ ಡಿಸೆಂಬರ್ 21ರಂದು ತೆರೆಗೆ ಬಂದ ‘ಕೆಜಿಎಫ್’ ಮೊದಲ ಭಾಗದ ಹಾಡುಗಳು ದೇಶದ ಉದ್ದಗಲಕ್ಕೂ ಜನರ ಕಿವಿಯಲ್ಲಿ ಉಳಿದದ್ದು ಈ ಗುಂಪುದನಿಯಿಂದ. ಕನ್ನಡ ಬಾರದವರೂ ಅದನ್ನು ಗುನುಗಿದರು. ಭಾಷೆ ಗೊತ್ತಿಲ್ಲದಿದ್ದರೂ ಆ ದನಿಗಳಲ್ಲಿ ಏನೋ ದೊಡ್ಡದು ನಡೆಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ಆ ದೊಡ್ಡದು ಯಾವುದು ಎಂಬ ಬಗ್ಗೆ ಮಾತ್ರ ನನಗೆ ಬಹುಮತದೊಂದಿಗೆ ತಕರಾರಿದೆ. ಎಲ್ಲರೂ ಇದನ್ನು ವೀರರಸದ ಸಂಗೀತವೆಂದರು. ಜಿಮ್ಮಿನಲ್ಲಿ ಭಾರ ಎತ್ತುವವರು, ಕ್ರಿಕೆಟ್ ಸಿಕ್ಸರ್‌ಗಳನ್ನು ಜೋಡಿಸಿ ರೀಲ್ಸ್ ಮಾಡುವವರು, ಚುನಾವಣೆಯ ಮೆರವಣಿಗೆಯಲ್ಲಿ ನಾಯಕನನ್ನು ತೆರೆದ ಜೀಪಿನಲ್ಲಿ ನಿಲ್ಲಿಸುವವರು, ಎಲ್ಲರೂ ಅದನ್ನು ಹಾಗೆಯೇ ಬಳಸಿದರು. ಚಿತ್ರವನ್ನು ಬದಿಗಿಟ್ಟು, ಕಣ್ಣು ಮುಚ್ಚಿ, ಹಾಡುಗಳನ್ನಷ್ಟೇ ಒಂದರ ಹಿಂದೊಂದು ಕೇಳುತ್ತ ಬಂದರೆ ನನಗೆ ತೋರುವುದು ಬೇರೆ. ಈ ಆಲ್ಬಮ್‌ನ ಸ್ಥಾಯಿ ಶೋಕ. ವೀರ ಅದರ ಮೇಲೆ ಬಂದು ಹೋಗುವ ಸಂಚಾರಿ. ತಾಯಿಯನ್ನು ಕಳೆದುಕೊಂಡ ಹುಡುಗನೊಬ್ಬನ ಅಳು ಇಲ್ಲಿ ನೂರು ಗಂಟಲುಗಳಲ್ಲಿ ಗರ್ಜನೆಯಾಗಿ ಹೊರಬಂದಿದೆ.

ಕೋರಸ್ಸಿಗೆ ತನ್ನ ಊರಿನವರನ್ನೇ ಕೂಡಿಸಿಕೊಂಡದ್ದಾಗಿ ಸಂಗೀತ ನಿರ್ದೇಶಕ ರವಿ ಬಸ್ರೂರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಊರು ಅಂದರೆ ಕುಂದಾಪುರದ ಮಗ್ಗುಲಿನ ಬಸ್ರೂರು. ವಾರಾಹಿಯ ದಂಡೆಯ ಈ ಹಳೆಯ ಬಂದರನ್ನು 14ನೆಯ ಶತಮಾನದಲ್ಲಿ ಹಾದುಹೋದ ಇಬ್ನ್ ಬತೂತ ಹೆಸರಿಸಿದ್ದಾನೆ, ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದಿದ್ದಾರೆ, 1665ರಲ್ಲಿ ಶಿವಾಜಿ ಸಮುದ್ರದಾರಿಯಲ್ಲಿ ಬಂದು ಇದರ ಮೇಲೆ ಎರಗಿದ್ದಾನೆ. ಹಡಗುಗಳು ಬರುವುದು ನಿಂತು ಎಷ್ಟೋ ಕಾಲವಾಯಿತು. ಮಹಾಲಿಂಗೇಶ್ವರನ ದೇವಸ್ಥಾನ, ಗದ್ದೆ, ತೆಂಗಿನ ತೋಟ ಮತ್ತು ಹೊಳೆಯ ನಡುವಿನ ಈ ಊರಲ್ಲೇ ರವಿ ತಮ್ಮ ಸ್ಟುಡಿಯೊ ಕಟ್ಟಿಕೊಂಡರು. ದೊಡ್ಡ ಸಿನಿಮಾದವರು ಬೆಂಗಳೂರು, ಚೆನ್ನೈ, ಮುಂಬೈಗಳಲ್ಲಿ ಕೂತು ಸಂಗೀತ ಮಾಡಿಸಿಕೊಳ್ಳುವ ಕಾಲದಲ್ಲಿ, ಅವರೇ ಸಂಗೀತಕ್ಕಾಗಿ ಹುಡುಕಿಕೊಂಡು ಬಸ್ರೂರಿಗೆ ಬರಬೇಕಾಯಿತು.

ಹುಟ್ಟುಹೆಸರು ಕಿರಣ್. ಶಿಲ್ಪ, ಲೋಹಗಳ ಕುಲಕಸುಬಿನ ಮನೆತನ. ಭಜನೆ, ಆರ್ಕೆಸ್ಟ್ರಾಗಳಲ್ಲಿ ಬೆಳೆದ ಹುಡುಗ ಬೆಂಗಳೂರಿಗೆ ಹೋಗಿ ವಿಗ್ರಹ ಕೆತ್ತುವ, ಆಭರಣ ಮಾಡುವ ಕೆಲಸಗಳಲ್ಲಿ ಹೊಟ್ಟೆ ಹೊರೆದುಕೊಂಡು ಸಂಗೀತದ ಬಾಗಿಲು ತಟ್ಟಿದವರು. ಕೈ ಪೂರ್ತಿ ಬರಿದಾದಾಗ ಕೀಬೋರ್ಡ್ ಕೊಳ್ಳಲು ಹಣ ಕೊಟ್ಟು ನಿಲ್ಲಿಸಿದ ಹಿತೈಷಿಯೊಬ್ಬರ ಹೆಸರನ್ನೇ ತನ್ನ ಹೆಸರು ಮಾಡಿಕೊಂಡರು, ಅದರ ಮುಂದೆ ಊರಿನ ಹೆಸರನ್ನು ಸೇರಿಸಿದರು. ಋಣವೂ ಊರೂ ಕೂಡಿ ಆದ ಹೆಸರು ಅದು. 2020ರ ಲಾಕ್‌ಡೌನಿನಲ್ಲಿ ಅವರು ತಂದೆಯ ಜೊತೆ ಕುಲುಮೆಯಲ್ಲಿ ಕೂತು ಕೆಲಸ ಮಾಡುತ್ತಿದ್ದ ವಿಡಿಯೊ ಬಂದಿತ್ತು. ಅಷ್ಟು ಹೊತ್ತಿಗೆ ‘ಕೆಜಿಎಫ್’ ಬಂದು ಎರಡನೆಯ ವರ್ಷ. ಅದನ್ನು ನೋಡಿದವರು ಅವರ ಸರಳತೆಯನ್ನು ಕೊಂಡಾಡಿದರು. ನನಗಂತೂ ಅಲ್ಲಿ ಸಂಗೀತದ ಒಂದು ಮೂಲವೇ ಕಾಣಿಸಿತು. ಅವರ ತಾಳವಾದ್ಯಗಳಲ್ಲಿ ಚರ್ಮದ ನಾದದ ಜೊತೆಗೆ ಲೋಹಕ್ಕೆ ಲೋಹ ಬಡಿಯುವ ನಾದ ಯಾವಾಗಲೂ ಇರುತ್ತದೆ. ಪೆಟ್ಟು ಬಿದ್ದ ಮೇಲೆ ಸಣ್ಣಗೆ ಉಳಿಯುವ ಆ ಝೇಂಕಾರಕ್ಕೂ ಒಂದು ಅಳತೆ ಇರುತ್ತದೆ. ಕುಲುಮೆಯ ಪಕ್ಕದಲ್ಲಿ ಬೆಳೆದ ಕಿವಿಗೆ ಪೆಟ್ಟಿನಷ್ಟೇ ಪೆಟ್ಟುಗಳ ನಡುವಿನ ಬಿಡುವೂ ಮುಖ್ಯ. ಸುತ್ತಿಗೆ ಮೇಲೇಳುವ ಆ ಕ್ಷಣದಲ್ಲೇ ಕೆಂಡದ ಸದ್ದು ಕೇಳುವುದು.

ಈಗ ಕೋರಸ್ಸಿಗೆ ಬರೋಣ, ಏಕೆಂದರೆ ಈ ಆಲ್ಬಮ್‌ನ ಜೀವ ಅಲ್ಲಿದೆ. ಪಾಶ್ಚಾತ್ಯ ಚರ್ಚ್ ಗಾಯನದಲ್ಲಿ ಗುಂಪು ನಾಲ್ಕು ಪಾಲಾಗಿ ನಾಲ್ಕು ಬೇರೆ ಸ್ವರರೇಖೆಗಳನ್ನು ಹಾಡುತ್ತದೆ, ಅವು ಕೂಡಿ ಒಂದು ಗೋಪುರವಾಗುತ್ತವೆ. ಇಲ್ಲಿ ಬಹುಪಾಲು ಎಲ್ಲರೂ ಒಂದೇ ರೇಖೆಯಲ್ಲಿ ನಡೆಯುತ್ತಾರೆ, ನಮ್ಮ ಭಜನಾ ಮಂಡಳಿಗಳ ಹಾಗೆ. ಒಂದೇ ಸ್ವರವನ್ನು ಅನೇಕರು ಹಾಡಿದಾಗ ಯಾರೂ ಯಾರಿಗೂ ಕೂದಲಷ್ಟೂ ತಪ್ಪದೆ ಹೊಂದುವುದಿಲ್ಲ. ಒಬ್ಬ ಅರೆಕ್ಷಣ ಮುಂದೆ, ಒಬ್ಬ ಹಿಂದೆ. ಒಬ್ಬ ಸ್ವಲ್ಪ ಏರು, ಒಬ್ಬ ಇಳಿ. ಕಿವಿ ಈ ಸಣ್ಣ ವ್ಯತ್ಯಾಸಗಳನ್ನು ಬಿಡಿಬಿಡಿಯಾಗಿ ಎಣಿಸುವುದಿಲ್ಲ, ಒಟ್ಟಾಗಿ ಒಂದು ಅಗಲವೆಂದು ಗ್ರಹಿಸುತ್ತದೆ. ತರಬೇತಾದ ಗಾಯಕರು ವ್ಯತ್ಯಾಸಗಳನ್ನು ತಿದ್ದಿ ತಿದ್ದಿ ದನಿಯನ್ನು ನಯ ಮಾಡುತ್ತಾರೆ, ಅಗಲ ಕಿರಿದಾಗುತ್ತದೆ. ತರಬೇತಿಲ್ಲದವರ ದನಿ ತೆಂಗಿನ ನಾರಿನ ಹುರಿಯಂತೆ, ಎಳೆ ಎಳೆಯೂ ಚುಚ್ಚುತ್ತದೆ, ಹೊಸೆದಾಗ ದೋಣಿಯನ್ನು ಕಟ್ಟಿ ನಿಲ್ಲಿಸುತ್ತದೆ. ಒಂದೇ ಗುಂಪಿನಿಂದ ಮತ್ತೆ ಮತ್ತೆ ಹಾಡಿಸಿ ಒಂದರ ಮೇಲೊಂದು ಪೇರಿಸುವ ಸೌಕರ್ಯ ಇಂದಿನ ಸ್ಟುಡಿಯೊಗಳಲ್ಲಿದೆ. ಹಾಗೆ ಪೇರಿಸಿದಾಗ ನಯವಾದ ದನಿಗಳು ಪ್ಲಾಸ್ಟಿಕ್ಕಿನಂತಾಗುತ್ತವೆ, ಒರಟು ದನಿಗಳು ಜನಸಾಗರವಾಗುತ್ತವೆ. ಚಿತ್ರದ ನರಾಚಿ ಗಣಿಯಲ್ಲಿ ಹೆಸರಿಲ್ಲದೆ ಸಾಯುವ ಜೀತದಾಳುಗಳ ಕತೆಗೆ ಬೇಕಾಗಿದ್ದದ್ದು ಈ ಎರಡನೆಯದೇ. ಗಣಿಯ ಆಳುಗಳಿಗೆ ಸಂಗೀತ ಕಾಲೇಜಿನ ಕಂಠ ಕೊಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು.

ಕತ್ತಲೆಯನ್ನೇ ಬಯಸಿ ಕಟ್ಟಿದ ಇಂಥ ಸಂಗೀತಕ್ಕೆ ಇಂಗ್ಲೆಂಡಿನಲ್ಲಿ ಒಂದು ಪರಂಪರೆ ಇದೆ. ಗಾಥಿಕ್ ರಾಕ್ ಎಂದು ಅದಕ್ಕೆ ಹೆಸರು. 1979ರಲ್ಲಿ ನಾರ್ಥಾಂಪ್ಟನ್ನಿನ ಬೌಹೌಸ್ ತಂಡ, ಡ್ರಾಕುಲಾ ಪಾತ್ರದಿಂದ ಪ್ರಸಿದ್ಧನಾದ ನಟ ಬೇಲಾ ಲುಗೋಸಿಯ ಸಾವಿನ ಹೆಸರಿನಲ್ಲಿ ಒಂಬತ್ತು ನಿಮಿಷ ಮೀರಿದ ಹಾಡೊಂದನ್ನು ತಂದಾಗ ಆ ಪರಂಪರೆ ಶುರುವಾಯಿತೆನ್ನುತ್ತಾರೆ. ಖಾಲಿ ಕೋಣೆಯ ಪ್ರತಿಧ್ವನಿ, ಮುಂದೆ ನಿಂತ ಬಾಸ್ ಗಿಟಾರ್, ಹಾಡುವುದಕ್ಕಿಂತ ಉಸುರುವ ಆಳದ ದನಿ, ಇವು ಅದರ ಲಕ್ಷಣ. ಲೀಡ್ಸ್ ನಗರದ ಸಿಸ್ಟರ್ಸ್ ಆಫ್ ಮರ್ಸಿ ತಂಡ 1985ರಲ್ಲಿ ತನ್ನ ಮೊದಲ ಸ್ಟುಡಿಯೊ ಆಲ್ಬಮ್ ಬಂದ ಕೆಲವೇ ತಿಂಗಳಲ್ಲಿ ಒಡೆದುಹೋಯಿತು. ಉಳಿದದ್ದು ಗಾಯಕ ಆಂಡ್ರ್ಯೂ ಎಲ್ಡ್ರಿಚ್ ಮತ್ತು ಅವರು ‘ಡಾಕ್ಟರ್ ಅವಲಾಂಚ್’ ಎಂದು ಹೆಸರಿಟ್ಟಿದ್ದ ಡ್ರಮ್ ಯಂತ್ರ. 1987ರ ನವೆಂಬರಿನಲ್ಲಿ ಅವರು ‘ಫ್ಲಡ್‌ಲ್ಯಾಂಡ್’ ಎಂಬ ಎರಡನೆಯ ಆಲ್ಬಮ್ ತಂದರು. ಅದರಲ್ಲಿ ‘ದಿಸ್ ಕರೋಷನ್’ ಎಂಬ ಹಾಡಿಗೆ ನಿರ್ಮಾಪಕ ಜಿಮ್ ಸ್ಟೈನ್‌ಮನ್ ನ್ಯೂಯಾರ್ಕ್ ಕೋರಲ್ ಸೊಸೈಟಿಯ 40 ಮಂದಿ ಗಾಯಕರನ್ನು ತಂದು ನಿಲ್ಲಿಸಿದರು. ಆಲ್ಬಮ್‌ನಲ್ಲಿ ಆ ಹಾಡಿನ ಉದ್ದ ಹತ್ತು ನಿಮಿಷಕ್ಕೂ ಮಿಗಿಲು.

ಕರಾವಳಿಯ ಆಟಿ ತಿಂಗಳಲ್ಲಿ, ಹೊರಗೆ ಮಳೆ ಬಿಡದೆ ಸುರಿಯುವಾಗ, ಈ ‘ಫ್ಲಡ್‌ಲ್ಯಾಂಡ್’ ಕೇಳುವುದು ಒಂದು ಬೇರೆಯೇ ಸುಖ. ಆಲ್ಬಮ್ಮಿನ ತುಂಬ ನೀರು, ನೆರೆ. ಅದರ ಎರಡು ಹಾಡುಗಳ ಹೆಸರೇ ನೆರೆ. ಎಲ್ಡ್ರಿಚ್‌ರ ದನಿ ಎಷ್ಟು ಕೆಳಗಿನದೆಂದರೆ ಕೆಲವು ಕಡೆ ಅದು ಸ್ವರವೋ ಗುಡುಗಿನ ಬಾಲವೋ ತಿಳಿಯುವುದಿಲ್ಲ. 40 ಮಂದಿಯ ಆ ಕೋರಸ್ ಏಳುವಾಗ ಮೊದಲು ಭಯ, ಆಮೇಲೆ ವಿಸ್ಮಯ, ಕೊನೆಗೆ ಒಂದು ಬಗೆಯ ದುಃಖ. ಬ್ರಿಟನ್ನಿನಲ್ಲಿ ಹಾಡು 7ನೆಯ ಸ್ಥಾನಕ್ಕೆ, ಆಲ್ಬಮ್ 9ನೆಯ ಸ್ಥಾನಕ್ಕೆ ಏರಿತು. ಆದರೂ ಅತಿಯಾಯಿತು, ಆಡಂಬರವಾಯಿತು ಎಂಬ ಮಾತು ಈ ಜಾತಿಯ ಸಂಗೀತವನ್ನು ಎಂದೂ ಬಿಟ್ಟಿಲ್ಲ. ಎಲ್ಡ್ರಿಚ್ ‘ಗಾಥ್’ ಎಂಬ ಹಣೆಪಟ್ಟಿಯನ್ನೇ ಒಪ್ಪದವರು. ಜನ ಅಪ್ಪಿಕೊಳ್ಳುವುದು, ಬಲ್ಲವರು ಮೂಗು ಮುರಿಯುವುದು, ಮಾಡಿದವನು ತನಗೆ ಕೊಟ್ಟ ಹೆಸರನ್ನು ನಿರಾಕರಿಸುವುದು, ಕತ್ತಲೆಯ ಸಂಗೀತದ ಸ್ವಾಗತ ಎಲ್ಲೆಡೆ ಹೀಗೇ ನಡೆದಿದೆ.

ಎರಡು ಕೋರಸ್‌ಗಳನ್ನು ಅಕ್ಕಪಕ್ಕ ಇಟ್ಟು ಕೇಳಿದರೆ ಬಸ್ರೂರಿನದು ಹೆಚ್ಚು ಕತ್ತಲಾಗಿ ಕೇಳುತ್ತದೆ. ನ್ಯೂಯಾರ್ಕಿನ ಗಾಯಕರು ಚೆನ್ನಾಗಿ ಹಾಡುತ್ತಾರೆ, ಆ ಚೆಂದವೇ ಒಂದು ಬೆಳಕು. ನಮ್ಮವರಿಗೆ ಆ ಬೆಳಕಿನ ಗೊಡವೆ ಇಲ್ಲ. ಇದನ್ನು ಊರಿನ ಅಭಿಮಾನದಿಂದ ಹೇಳುತ್ತಿದ್ದೇನೆ ಎಂದು ಯಾರಾದರೂ ಹೇಳಿದರೆ, ಹ್ವಾಯ್, ಒಂದ್ಸಲ ಎರಡನ್ನೂ ಕೇಣಿ ಎಂದಷ್ಟೇ ನನ್ನ ಉತ್ತರ.

ಇಂಥ ಕತ್ತಲೆ ಕುಂದಾಪುರದ ಕಡೆಯ ನಮ್ಮ ಕಿವಿಗೆ ಹೊಸತೇನಲ್ಲ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ, ಪೆರ್ಡೂರು ಮೇಳಗಳ ಯಕ್ಷಗಾನದ ಆಟ ನೋಡಿ ಬೆಳೆದವರು ನಾವು. ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಆಟದ ಸದ್ದು ಹೊಳೆಯಾಚೆಯ ಮನೆಗಳಿಗೂ ಮುಟ್ಟುತ್ತಿತ್ತು. ಆಟಕ್ಕೆ ಹೋಗದವರೂ ಮಲಗಿದಲ್ಲೇ ಕತೆ ಎಲ್ಲಿಗೆ ಬಂತೆಂದು ತಿಳಿಯುತ್ತಿದ್ದರು. ತಿಳಿಯುತ್ತಿದ್ದದ್ದು ಚಂಡೆಯಿಂದ. ಬಡಗುತಿಟ್ಟಿನ ಹಿಮ್ಮೇಳದಲ್ಲಿ ಭಾಗವತರು, ಮದ್ದಳೆ, ಚಂಡೆ. ವೀರ, ರೌದ್ರ, ಅದ್ಭುತಗಳಿಗೆ ಚಂಡೆ ಏಳುತ್ತದೆ. ಶೃಂಗಾರಕ್ಕೂ ಕರುಣಕ್ಕೂ ಅದು ಸುಮ್ಮನಾಗಿ ಮದ್ದಳೆಯೊಂದೇ ಉಳಿಯುತ್ತದೆ. ಚಂಡೆ ನಿಂತಿತು ಎಂದರೆ ಯಾರೋ ಸತ್ತಿದ್ದಾರೆ, ಇಲ್ಲವೇ ಯಾರೋ ಅಗಲುತ್ತಿದ್ದಾರೆ. ಅಬ್ಬರಕ್ಕೆ ಬೆಲೆ ಬರುವುದು ಅದು ಸುಮ್ಮನಾಗುವ ಜಾಗದಿಂದ ಎಂಬುದನ್ನು ಈ ಕಡೆಯ ಮಕ್ಕಳಿಗೆ ಯಾರೂ ಪಾಠ ಹೇಳಿಕೊಡಬೇಕಾಗಿರಲಿಲ್ಲ.

ಆ ರಾತ್ರಿಗಳಲ್ಲಿ ವೀರನ ಹಿಂದೆ ತಪ್ಪದೆ ಒಬ್ಬ ತಾಯಿ ಇರುತ್ತಾಳೆ. ಚಕ್ರವ್ಯೂಹಕ್ಕೆ ಹೊರಟ ಅಭಿಮನ್ಯುವಿನ ಮುಂದೆ ಸುಭದ್ರೆ. ಕರ್ಣನ ಮುಂದೆ ಕುಂತಿ. ಬಭ್ರುವಾಹನನ ಕತೆಯಲ್ಲಿ ಚಿತ್ರಾಂಗದೆ. ಪ್ರೇಕ್ಷಕರು ಅಭಿಮನ್ಯುವಿನ ಕುಣಿತಕ್ಕೆ ಶಿಳ್ಳೆ ಹಾಕುತ್ತಾರೆ, ನಿಜ. ಮರುದಿನ ಬಾವಿಕಟ್ಟೆಯಲ್ಲಿ, ಅಂಗಡಿಯ ಜಗಲಿಯಲ್ಲಿ ಮಾತಿಗೆ ಬರುವುದು ಸುಭದ್ರೆಯ ಪದ್ಯ. ‘ಕೆಜಿಎಫ್’ ಕತೆಯ ಬೆನ್ನೆಲುಬೂ ಇದೇ. 1951ರಲ್ಲಿ ಹುಟ್ಟಿದ ಬಡ ಹುಡುಗ, ಮದ್ದಿಗೆ ಕಾಸಿಲ್ಲದೆ ತೀರಿಹೋದ ತಾಯಿ, ಅವಳಿಗೆ ಕೊಟ್ಟ ಮಾತು. ನಿರ್ದೇಶಕ ಪ್ರಶಾಂತ್ ನೀಲ್ ಇದನ್ನು ಬೆಂಕಿ, ಬೂದಿ, ಬಂದೂಕುಗಳಲ್ಲಿ ಹೇಳಿದರು. ಅದಕ್ಕೆ ಸಂಗೀತ ಕೂಡಿಸಿದವರು ಮಾತ್ರ ಅದನ್ನು ಆಟದ ರಾತ್ರಿಯ ಕತೆಯಾಗಿ ಕೇಳಿಸಿಕೊಂಡಿದ್ದಾರೆ.

‘ಗರ್ಭದಿ’ ಹಾಡನ್ನು ಕೇಳಿ ನೋಡಿ. ಕಿನ್ನಾಳ ರಾಜ್ ಬರೆದದ್ದು, ಅನನ್ಯಾ ಭಟ್ ಹಾಡಿದ್ದು. ಆಲ್ಬಮ್‌ನಲ್ಲಿ ಚಂಡೆ ಸುಮ್ಮನಾಗುವ ಜಾಗ ಇದು. ತಾಳವಾದ್ಯ ಹಿಂದೆ ಸರಿದಿದೆ. ಅನನ್ಯಾ ಅವರ ಕಂಠ ಸಿನಿಮಾ ಗಾಯಕಿಯರ ಸಿಹಿಯ ಕಡೆ ವಾಲುವುದಿಲ್ಲ, ಜನಪದ ಹಾಡುವವರ ತೆರೆದ ಗಂಟಲು ಅದು, ಸ್ವರದ ಕೊನೆಗೆ ಬರುವಾಗ ಸ್ವಲ್ಪ ಒಣಗುತ್ತದೆ. ಆ ಒಣಗುವಿಕೆಯಲ್ಲೇ ಹಾಡಿನ ಎಲ್ಲ ಬೆಲೆ. ತಾಯಿಯೊಬ್ಬಳು ಮಗನನ್ನು ಲಾಲಿಸುತ್ತಿದ್ದಾಳೋ, ಯುದ್ಧಕ್ಕೆ ಕಳಿಸುತ್ತಿದ್ದಾಳೋ, ಅವನ ಸಾವನ್ನು ಮುಂಚೆಯೇ ಅಳುತ್ತಿದ್ದಾಳೋ ಹೇಳುವುದು ಕಷ್ಟ. ಮೂರೂ ಒಟ್ಟಿಗೆ ಇವೆ. ಸ್ವರಗಳು ಬಹಳ ದೂರ ಏರುವುದಿಲ್ಲ, ಏರಿದಲ್ಲಿ ನಿಲ್ಲುವುದೂ ಇಲ್ಲ, ಮರಳಿ ಮರಳಿ ಆಧಾರಕ್ಕೆ ಇಳಿಯುತ್ತವೆ. ಕೇಳುವವನಿಗೆ ಹೊರಹೋಗುವ ದಾರಿ ಸಿಗುವುದಿಲ್ಲ. ಇದೇ ಗಾಯಕಿ ‘ಸಿಡಿಲ ಭರವ’ದಲ್ಲಿ, ‘ಧೀರ ಧೀರ’ದಲ್ಲಿ ಗಂಡುದನಿಗಳ ಮೇಲೆ ಮತ್ತೆ ಬರುತ್ತಾರೆ. ಹಾಗಾಗಿ ಆ ಅಬ್ಬರದ ಹಾಡುಗಳಲ್ಲೂ ತಾಯಿ ಇದ್ದಾಳೆ. ಕೆಳಗೆ ಗುಂಪು ಮಗನ ಬಲವನ್ನು ಸಾರುತ್ತದೆ, ಮೇಲೆ ಒಂಟಿ ಹೆಣ್ಣು ಅವನ ವಿಧಿಯನ್ನು ಹಾಡುತ್ತಾಳೆ. ಈ ಎರಡು ಪದರಗಳನ್ನು ಒಮ್ಮೆ ಬೇರ್ಪಡಿಸಿ ಕೇಳಲು ಕಲಿತರೆ ಆಮೇಲೆ ಆಲ್ಬಮ್ ಮೊದಲಿನಂತೆ ಕೇಳುವುದಿಲ್ಲ. ‘ಸಲಾಂ ರಾಕಿ ಭಾಯ್’ ಮಾತ್ರ ಇದಕ್ಕೆ ಹೊರಗು. ವಿಜಯ್ ಪ್ರಕಾಶ್, ಸಂತೋಷ್ ವೆಂಕಿ, ಸಚಿನ್ ಬಸ್ರೂರು ಮೊದಲಾದವರು ಸೇರಿ ಹಾಡಿದ ಅದು ನಾಯಕನ ಬೀದಿಮೆರವಣಿಗೆ, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಹಳೆಯ ಚಿತ್ರಗೀತೆಯೊಂದನ್ನು ಹೊಸದಾಗಿ ಮಾಡಿ ಐರಾ ಉಡುಪಿ ಹಾಡಿದ ‘ಜೋಕೆ’ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ಈ ಕತ್ತಲೆಗೆ ಅದು ಸೇರಿದ್ದಲ್ಲ.

ಕರುಣ ಪದ್ಯಕ್ಕೆ ಹೀಗೆ ಕಿವಿ ತೆರೆದು ಕೂರುವುದನ್ನು ನಮ್ಮ ತಲೆಮಾರಿಗೆ ಕಲಿಸಿದವರು ಯಾರೆಂದು ಕೇಳಿದರೆ ಈ ಕಡೆಯ ಬಹುಮಂದಿ ಒಂದೇ ಹೆಸರು ಹೇಳುತ್ತಾರೆ, ಗುಂಡ್ಮಿ ಕಾಳಿಂಗ ನಾವಡರು. ಈಗಿನ ಬ್ರಹ್ಮಾವರ ತಾಲ್ಲೂಕಿನ ಗುಂಡ್ಮಿಯಲ್ಲಿ 1958ರಲ್ಲಿ ಹುಟ್ಟಿದವರು. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಗುರು ನಾರ್ಣಪ್ಪ ಉಪ್ಪೂರರು. ಸಾಲಿಗ್ರಾಮ ಮೇಳದಲ್ಲಿ ನಾವಡರು ಹಾಡುವಾಗ ಡೇರೆಯೊಳಗೆ ಜಾಗ ಸಿಗುತ್ತಿರಲಿಲ್ಲ. ಬಡಗಿನಲ್ಲಿ ಅದುವರೆಗೆ ಕೇಳದಿದ್ದ ರಾಗಗಳನ್ನು ತಂದರು, ‘ನಾಗಶ್ರೀ’ಯಂಥ ಹೊಸ ಪ್ರಸಂಗಗಳನ್ನು ತಾವೇ ಬರೆದರು, ಜನ ಅವರನ್ನು ರಸರಾಗ ಚಕ್ರವರ್ತಿ ಎಂದರು. ಪರಂಪರೆ ಕೆಟ್ಟಿತು ಎಂದವರೂ ಇದ್ದರು. 1990ರಲ್ಲಿ, ಇನ್ನೂ 32 ತುಂಬುವ ಮೊದಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಉಳಿದದ್ದು ಕ್ಯಾಸೆಟ್ಟುಗಳು. ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ, ಊರು ಬಿಟ್ಟು ಬೆಂಗಳೂರು, ಮುಂಬೈಗಳಲ್ಲಿ ಹೋಟೆಲ್ ಕೆಲಸಕ್ಕೆ ಸೇರಿದ ಹುಡುಗರ ಕೋಣೆಗಳಲ್ಲಿ ಆ ದನಿ ತಿರುಗುತ್ತಲೇ ಇತ್ತು. ಬೈಂದೂರಿನ ಒತ್ತಿನೆಣೆಯ ಏರು ಹತ್ತುವ ರಾತ್ರಿ ಬಸ್ಸಿನಲ್ಲಿ ಆ ದನಿ ಕೇಳಿದವರು ಅದನ್ನು ಮರೆತಿರಲಾರರು. ಸತ್ತವನ ಎಳೆಯ ಕಂಠ ರಾತ್ರಿಯಲ್ಲಿ ಮತ್ತೆ ಮತ್ತೆ ಏಳುವುದಕ್ಕಿಂತ ಮಿಗಿಲಾದ ಗಾಥಿಕ್ ಅನುಭವ ಯಾವುದಿದ್ದೀತು? ಬಸ್ರೂರಿನಲ್ಲಿ ಕೀಬೋರ್ಡ್ ಮುಂದೆ ಕೂತ ಮನುಷ್ಯ ಈ ಗಾಳಿಯನ್ನು ಉಸಿರಾಡಿ ಬೆಳೆದವನು. ನಾವಡರ ರಾಗವನ್ನು ಅವರು ‘ಕೆಜಿಎಫ್’ನಲ್ಲಿ ಬಳಸಿದರೆಂದು ನಾನು ಹೇಳುತ್ತಿಲ್ಲ. ಚಂಡೆಯನ್ನು ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆ ಎಲ್ಲಿಂದ ಬಂತೆಂದು ಹೇಳುತ್ತಿದ್ದೇನೆ.

ಇನ್ನು ಜನ ಇದನ್ನು ಹೇಗೆ ಬರಮಾಡಿಕೊಂಡರು ಎಂಬುದು. ಚಿತ್ರ ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿಗಳಲ್ಲಿ ಒಟ್ಟಿಗೆ ಬಂತು. ಹಾಡುಗಳು ಹಾಗೆಯೇ ಹರಡಿದವು. ಪದಗಳು ಬದಲಾದರೂ ಕೋರಸ್ಸಿನ ಒತ್ತು ಬದಲಾಗಲಿಲ್ಲ. ಅದಕ್ಕೂ ಮಿಗಿಲಾಗಿ ಹಿನ್ನೆಲೆ ಸಂಗೀತ ತಾನೇ ಒಂದು ಆಲ್ಬಮ್ ಆಯಿತು. ಹಾಡಿಲ್ಲದ ತುಣುಕುಗಳನ್ನು ಜನ ಹಾಡಿನಂತೆ ಕೇಳತೊಡಗಿದರು, ಫೋನಿನ ರಿಂಗ್ ಮಾಡಿಕೊಂಡರು. ಹಬ್ಬದ ಮೆರವಣಿಗೆಗಳಲ್ಲಿ ನಾಸಿಕ್ ಬ್ಯಾಂಡಿನ ಹುಡುಗರು ಅದನ್ನು ಬಾರಿಸಿದರು. ರಾಜಕೀಯವೂ ಅದನ್ನು ಬಿಡಲಿಲ್ಲ. 2022ರ ನವೆಂಬರಿನಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ‘ಕೆಜಿಎಫ್’ ಎರಡನೆಯ ಭಾಗದ ಸಂಗೀತ ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ಬೆಂಗಳೂರಿನ ನ್ಯಾಯಾಲಯ ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನು ತಡೆಹಿಡಿಯಲು ಆದೇಶಿಸಿತು. ಆ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟ್ ಅದನ್ನು ತೆರವುಗೊಳಿಸಿತು. ಬಸ್ರೂರಿನವರ ಸಂಗೀತಕ್ಕಾಗಿ ರಾಷ್ಟ್ರೀಯ ಪಕ್ಷವೊಂದು ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು, ಆ ಸಂಗೀತ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಸಾಕ್ಷಿ.

ಬರೀ ಅಬ್ಬರ ಎಂದ ವಿಮರ್ಶಕರ ಮಾತನ್ನು ನಾನು ಸುಲಭಕ್ಕೆ ತಳ್ಳಿಹಾಕಲಾರೆ. 2022ರ ಏಪ್ರಿಲ್ 14ರಂದು ಬಂದ ಎರಡನೆಯ ಭಾಗದಲ್ಲಿ ಬಿಡುವು ಕಡಿಮೆ. ‘ತೂಫಾನ್’, ‘ಸುಲ್ತಾನ್’ ಹಾಡುಗಳಲ್ಲಿ ಕೋರಸ್ ಇನ್ನೂ ದಟ್ಟವಾಗಿದೆ, ಎಲ್ಲವೂ ಒಂದೇ ಎತ್ತರದಲ್ಲಿ ನಿಂತಿದೆ. ಎತ್ತರವೇ ನೆಲವಾದಾಗ ಏರುವುದಕ್ಕೆ ಜಾಗ ಇರುವುದಿಲ್ಲ. 2023ರ ‘ಕಬ್ಜ’, ‘ಸಲಾರ್’ಗಳ ಹೊತ್ತಿಗೆ ಗುಂಪುದನಿ ಬಂದೊಡನೆ ಮುಂದೇನೆಂದು ಊಹಿಸುವಷ್ಟು ಕಿವಿ ಪಳಗಿತ್ತು. ಬೇರೆಯವರು ಇದೇ ದಾರಿ ಹಿಡಿದು ಇನ್ನಷ್ಟು ಸವೆಸಿದರು. ಒಂದು ಚಿತ್ರರಂಗ ತನಗೆ ಸಿಕ್ಕ ಹೊಸ ನಾದವನ್ನು ಇಷ್ಟು ಬೇಗ ಖರ್ಚು ಮಾಡಬಾರದಿತ್ತು. ಆದರೂ ಎರಡನೆಯ ಭಾಗದಲ್ಲಿ ‘ಗಗನ ನೀ’ ಇದೆ. ಹಾಡಿದವರು ಸುಚೇತಾ ಬಸ್ರೂರು. ಅನನ್ಯಾ ಅವರ ಕಂಠದ ಒಣ ನೋವಿನ ಜಾಗದಲ್ಲಿ ಇಲ್ಲಿ ಇನ್ನೂ ಎಳೆಯ ದನಿಯೊಂದಿದೆ, ಅದು ನೇರವಾಗಿ, ಬಳುಕದೆ, ಶಾಲೆಯ ಪ್ರಾರ್ಥನೆಯಷ್ಟು ಶುದ್ಧವಾಗಿ ಏರುತ್ತದೆ. ಅಷ್ಟೆಲ್ಲ ಗುಂಡಿನ ಸದ್ದಿನ ನಡುವೆ ಮತ್ತೊಮ್ಮೆ ತಾಯಿಗೆ ಜಾಗ ಮಾಡಿಕೊಟ್ಟದ್ದು ಈ ಹಾಡು. ಬಸ್ರೂರು ಎಂಬ ಹೆಸರು ಹೊತ್ತ ಗಾಯಕ, ಗಾಯಕಿಯರು ಈಗ ಒಬ್ಬಿಬ್ಬರಲ್ಲ ಎಂಬುದೂ ಆ ಸ್ಟುಡಿಯೊದ ಒಂದು ಸಾಧನೆಯೇ.

ಅದೇ 2022ರ ಸೆಪ್ಟೆಂಬರ್ 30ರಂದು ಕುಂದಾಪುರದ ಇನ್ನೊಂದು ಹಳ್ಳಿಯಿಂದ ಇನ್ನೊಂದು ಕತ್ತಲೆ ಬಂತು. ಕೆರಾಡಿಯ ರಿಷಬ್ ಶೆಟ್ಟಿ ತಮ್ಮ ಊರಲ್ಲೇ ಚಿತ್ರಿಸಿದ ‘ಕಾಂತಾರ’. ಅಜನೀಶ್ ಲೋಕನಾಥ್ ಅದರ ‘ವರಾಹ ರೂಪಂ’ ಹಾಡಿನಲ್ಲಿ ನಾದಸ್ವರದ ಪಕ್ಕದಲ್ಲಿ ರಾಕ್ ತಂಡದ ಗಿಟಾರನ್ನು ತಂದು ನಿಲ್ಲಿಸಿದರು. ಒಂದೇ ವರ್ಷದಲ್ಲಿ ಒಂದೇ ತಾಲ್ಲೂಕಿನ ಎರಡು ಹಳ್ಳಿಗಳ ಹೆಸರು ದೇಶದ ನಾಲಗೆಯ ಮೇಲೆ ಬಂದದ್ದು ನಮಗೆ ದೊಡ್ಡ ಸಂಭ್ರಮ. ‘ಕಾಂತಾರ’ದ ಕತ್ತಲೆ ದೈವದ್ದು, ಅದರ ಕೊನೆಯಲ್ಲಿ ಅಭಯವಿದೆ. ‘ಕೆಜಿಎಫ್’ನ ಕತ್ತಲೆ ಮನುಷ್ಯನದ್ದು, ಅಲ್ಲಿ ಕೈಹಿಡಿಯಲು ಯಾರೂ ಬರುವುದಿಲ್ಲ. ಅದಕ್ಕೇ ನನಗೆ ಎರಡನೆಯದು ಹೆಚ್ಚು ಕಾಡುತ್ತದೆ.

ರವಿ ಬಸ್ರೂರು ಊರನ್ನು ಕೋರಸ್ಸಿಗಷ್ಟೇ ಬಳಸಿಕೊಂಡವರಲ್ಲ. ಪ್ರಶಾಂತ್ ನೀಲ್ ಅವರ ‘ಉಗ್ರಂ’ ಬಂದ 2014ರಲ್ಲೇ ಕುಂದಾಪ್ರ ಕನ್ನಡದಲ್ಲಿ ‘ಗರ್ಗರ್ ಮಂಡ್ಲ’ ಮಾಡಿದರು, 2016ರಲ್ಲಿ ‘ಬಿಲಿಂಡರ್’, 2017ರಲ್ಲಿ ಭಯಾನಕದ ‘ಕಟಕ’. ಹೊರಗಿನವರಿಗೆ ಗೊತ್ತೇ ಇಲ್ಲದ ಈ ಚಿತ್ರಗಳಲ್ಲಿ ನಮ್ಮ ಮಾತಿನ ಲಯ ತೆರೆಯ ಮೇಲೆ ಮೊದಲ ಬಾರಿ ಇಷ್ಟು ಸಲೀಸಾಗಿ ಕೇಳಿತು. 2025ರ ಏಪ್ರಿಲ್ 18ರಂದು ಅವರ ನಿರ್ದೇಶನದ ‘ವೀರ ಚಂದ್ರಹಾಸ’ ಬಂತು. ಯಕ್ಷಗಾನದ ಕಲಾವಿದರೇ ವೇಷ ಕಟ್ಟಿ, ಆಟವನ್ನು ಆಟದ ರೂಪದಲ್ಲೇ ದೊಡ್ಡ ತೆರೆಗೆ ತಂದ ಪ್ರಯತ್ನ. ಅವರು ಆರಿಸಿಕೊಂಡ ಪ್ರಸಂಗವನ್ನು ಗಮನಿಸಿ. ಚಂದ್ರಹಾಸ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಗು. ಎತ್ತಿ ಸಾಕಿದ ದಾದಿಯೂ ತೀರಿಹೋಗಿ ಕುಂತಳಪುರದ ಬೀದಿಗೆ ಬೀಳುತ್ತಾನೆ. ದುಷ್ಟಬುದ್ಧಿಯ ಕಟುಕರ ಕತ್ತಿಯಿಂದ, ವಿಷದ ಓಲೆಯಿಂದ ಪಾರಾಗಿ ದೊರೆಯಾಗುವ ಕತೆ ಹೊರಗಿನಿಂದ ವೀರದ್ದು. ಒಳಗೆ ಮತ್ತೆ ಅದೇ ಅನಾಥ ಹುಡುಗ. ಕೋಟಿಗಟ್ಟಲೆ ಹಣದ ಚಿತ್ರಗಳಿಗೆ ಸಂಗೀತ ಮಾಡಿ ಬಂದವರು, ತಾವೇ ಕತೆ ಆರಿಸುವ ಸ್ವಾತಂತ್ರ್ಯ ಸಿಕ್ಕಾಗ, ಮತ್ತೆ ಇದೇ ಶೋಕದ ಬಳಿಗೆ ಬಂದರು. ಈ ಚಿತ್ರಕ್ಕೆ ‘ಕೆಜಿಎಫ್’ನಷ್ಟು ಜನ ಬರಲಿಲ್ಲ. ಬಂದವರಲ್ಲಿ ಆಟದ ರುಚಿ ಬಲ್ಲವರಿಗೆ ಇವರ ಗುಂಪುದನಿ ಎಲ್ಲಿಂದ ಹೊರಟಿತ್ತು ಎಂಬುದು ಕಣ್ಣೆದುರೇ ಕಂಡಿತು.

ನನಗೊಂದು ಆಸೆ ಇದೆ, ಅದನ್ನು ಇಲ್ಲಿ ಬರೆದುಬಿಡುತ್ತೇನೆ. ರವಿ ಬಸ್ರೂರು ಸಿನಿಮಾದ ಹಂಗಿಲ್ಲದ ಒಂದು ಆಲ್ಬಮ್ ಮಾಡಬೇಕು. ನಾಯಕ ಬೇಡ, ಅವನ ಪ್ರವೇಶ ಬೇಡ, ಟ್ರೇಲರ್ ಬೇಡ. ಬಡಗಿನ ಒಬ್ಬ ಭಾಗವತರು, ಒಂದು ಮದ್ದಳೆ, ಒಂದು ಚಂಡೆ, ಬಸ್ರೂರಿನ ಅವೇ ಒರಟು ದನಿಗಳು, ಮತ್ತು ಅವರ ಕೈಯಲ್ಲಿರುವ ಯಂತ್ರಗಳು. ಸುಭದ್ರೆಯಿಂದ ಶುರುಮಾಡಲಿ. ಪದ್ಯಕ್ಕೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳಲಿ, ಹತ್ತು ನಿಮಿಷವೆಂದರೆ ಹತ್ತು ನಿಮಿಷ. ಎಲ್ಡ್ರಿಚ್ ತೆಗೆದುಕೊಂಡಿಲ್ಲವೇ? ಹಂಗಾರಕಟ್ಟೆಯ ಯಕ್ಷಗಾನ ಕಲಾಕೇಂದ್ರದಿಂದ ಕಲಿತು ಬಂದ ಹಿಮ್ಮೇಳದವರು ಇದ್ದಾರೆ, ಸ್ಟುಡಿಯೊ ಇದೆ, ಆಟಕ್ಕೆ ಬಿಡುವಿರುವ ಮಳೆಗಾಲದ ತಿಂಗಳುಗಳೂ ಇವೆ.